ಎಣಿಸದೆ ಬಿಟ್ಟ ಮಗಳು

ದೇವದುರ್ಗ
14 ನವೆಂಬರ್ 2024

ಸಂಘಮಿತ್ರಾ,

ನಾನು ಆರಾಮ ಇದ್ದೇನೆ. ನೀನು ಹೇಗಿದ್ದೀಯ ಎಂದು ಕೊನೆಯಲ್ಲಿ ಕೇಳುತ್ತೇನೆ, ಅಷ್ಟೊತ್ತಿಗೆ ಸಿಟ್ಟು ಇಳಿದಿದ್ದರೆ.

ಫೋನ್ ಮಾಡಬಹುದಿತ್ತು. ಆದರೆ ನಿನ್ನ ನಂಬರ್ ಬ್ಲಾಕ್ ಮಾಡಿದವಳು ನಾನೇ, ಈಗ ನಾನಾಗಿ ತೆಗೆಯಲು ಮನಸ್ಸಿಲ್ಲ. ಅಲ್ಲದೆ ಪತ್ರದಲ್ಲಿ ಒಂದು ಸುಖವಿದೆ. ನಾನು ಹೇಳುವುದು ಮುಗಿಯುವ ತನಕ ನೀನು ನಡುವೆ ಬಾಯಿ ಹಾಕಲಾರೆ. ಮಾನ್ವಿಯ ಶಾಲೆಯ ಬೆಂಚಿನಿಂದ ಹಿಡಿದು ಇವತ್ತಿನವರೆಗೆ ಈ ಸುಖ ನನಗೆ ಸಿಕ್ಕಿರಲಿಲ್ಲ.

ವಿಷಯಕ್ಕೆ ಬರುತ್ತೇನೆ. ಭಾಗ್ಯಜ್ಯೋತಿ ಎಂಬ ಹುಡುಗಿ ಇಲ್ಲಿ ಬಿ.ಎ.ಯಲ್ಲಿ ನನ್ನ ಹತ್ತಿರ ತತ್ವಶಾಸ್ತ್ರ ಓದಿದವಳು. ಕುರಿ ಕಾಯುವವರ ಮನೆಯವಳು, ಅಪ್ಪನ ಹೆಸರು ಕನಕಪ್ಪ. ಈಗ ನಿಮ್ಮ ಎಡೆದೊರೆ ವಿಶ್ವವಿದ್ಯಾಲಯದಲ್ಲಿ ಎಂ.ಎ. ಸಮಾಜಶಾಸ್ತ್ರ ಸೇರಿದ್ದಾಳೆ, ಅಲ್ಲಿಯದೇ ಹಾಸ್ಟೆಲಿನಲ್ಲಿದ್ದಾಳೆ. ಮೊನ್ನೆ ಅವಳಿಗೆ ಒಂದು ನೋಟಿಸು ಬಂದಿದೆ. ಜನವರಿ ಮುಗಿಯುವುದರೊಳಗೆ ಕೋಣೆ ಬಿಡಬೇಕಂತೆ. ಕಾರಣ, "ಮಧ್ಯದಲ್ಲಿ ಓದು ನಿಲ್ಲಿಸುವ ಸಂಭವ ಹೆಚ್ಚು." ಹುಡುಗಿ ಓದು ನಿಲ್ಲಿಸಿಲ್ಲ ಮಾರಾಯಳೇ! ನಿಲ್ಲಿಸುತ್ತಾಳೆ ಎಂದು ನಿಮ್ಮ ಡೇಟಾ ಸೆಲ್ಲಿನ ಕಂಪ್ಯೂಟರ್ ಹೇಳಿದೆ ಅಷ್ಟೇ. ನಾಳೆ ಸಾಯುತ್ತಾನೆಂದು ಇವತ್ತೇ ಊಟ ನಿಲ್ಲಿಸಿದ ಹಾಗಾಯಿತು. ಕೋಣೆ ಹೋದರೆ ಅವಳು ದಿನಾ ಎಲ್ಲಿಂದ ಬರಬೇಕು? ಮನೆಯವರು ವರ್ಷದ ಅರ್ಧ ಕುರಿಯ ಹಿಂದೆ ಊರೂರು ತಿರುಗುತ್ತಾರೆ. ಕೋಣೆ ಹೋದರೆ ಓದೂ ಹೋಯಿತು.

ಆ ಡೇಟಾ ಸೆಲ್ಲಿನ ಮುಖ್ಯಸ್ಥೆ ಯಾರೆಂದು ನನಗೆ ಗೊತ್ತು. ಅದೇ ವಿಶ್ವವಿದ್ಯಾಲಯದಲ್ಲಿದ್ದ ನನ್ನ ತತ್ವಶಾಸ್ತ್ರ ವಿಭಾಗಕ್ಕೆ ಬೀಗ ಹಾಕಿಸಿ ನನ್ನನ್ನು ದೇವದುರ್ಗಕ್ಕೆ ಕಳಿಸಿದ ವರದಿಯ ಕೆಳಗಿದ್ದ ಸಹಿಯೂ ಅವಳದೇ. ಅದನ್ನು ಇವತ್ತು ಎತ್ತಬಾರದು ಎಂದುಕೊಂಡಿದ್ದೆ. ಎತ್ತಿಬಿಟ್ಟೆ, ಇರಲಿ.

ಈ ಹುಡುಗಿ ಎಂಥವಳು ಎಂದು ನಿನಗೆ ಗೊತ್ತಾಗಲಿ. ಒಮ್ಮೆ ಕ್ಲಾಸಿನಲ್ಲಿ, ಬದುಕಿಗೆ ಹೆದರಿ ಬೇಲಿ ಹಾಕುವ ನೀತಿ ಬೇರೆ, ನೋವು ಸಮೇತ ಬದುಕಿಗೆ "ಹೂಂ" ಎನ್ನುವ ನೀತಿ ಬೇರೆ ಎಂದು ಹೇಳುತ್ತಿದ್ದೆ. ಇವಳು ಎದ್ದು ನಿಂತು ಕೇಳಿದಳು: "ಮೇಡಂ, ಸಾಯಾಕತ್ತಿದ ಕುರಿಮರಿಗಿ ರಾತ್ರೆಲ್ಲಾ ಬಟ್ಟಿ ಅದ್ದಿ ಹಾಲು ಕುಡಿಸ್ತೀವಿ. ಬದುಕ್ತದೋ ಇಲ್ಲೋ ಗೊತ್ತಿರಂಗಿಲ್ಲ. ಅದು ಯಾವ ನೀತಿ ರೀ?" ಅದೇ ನೀತಿ ಯವ್ವಾ ಎಂದೆ. ಪಠ್ಯದಲ್ಲಿ ಅಷ್ಟು ಚೆನ್ನಾಗಿ ಬರೆದಿಲ್ಲ.

ಈಗ ಅದೇ ಹುಡುಗಿ, ಹೋಗಿ ಕೇಳು, ಜಗಳ ಮಾಡು ಎಂದರೆ "ಇರ್ಲಿ ಬಿಡ್ರಿ ಮೇಡಂ, ಹೋಗ್ತೀನಿ" ಅನ್ನುತ್ತಾಳೆ. ಏನೋ ಮುಚ್ಚಿಡುತ್ತಿದ್ದಾಳೆ. ನೀನು ನೋಡು.

ಸಿಟ್ಟು ಇಳಿದಿಲ್ಲ. ಆದರೂ ಕೇಳುತ್ತೇನೆ, ಹೇಗಿದ್ದೀಯ?

ಮೆಹನಾಜ್


ರಾಯಚೂರು
25 ನವೆಂಬರ್ 2024

ಮೆಹನಾಜ್,

ಚೆನ್ನಾಗಿದ್ದೇನೆ. ನಿನ್ನ ಅಕ್ಷರ ಇನ್ನೂ ಹಾಗೆಯೇ ಇದೆ, ಸಾಲು ಬಲಕ್ಕೆ ಏರಿಕೊಂಡು ಹೋಗುತ್ತದೆ.

ಮೊದಲು ನನ್ನ ಕಡೆಯ ಮಾತು ಕೇಳು. ಹಾಸ್ಟೆಲಿನಲ್ಲಿ ಜಾಗ ಕಡಿಮೆ, ಕಾಯುವವರು ಜಾಸ್ತಿ. ಪ್ರತಿ ವರ್ಷ ಸಂಕ್ರಾಂತಿಯ ಹೊತ್ತಿಗೆ ಒಂದಷ್ಟು ಹುಡುಗಿಯರು ಓದು ಬಿಟ್ಟು ಹೋಗುತ್ತಾರೆ, ಅವರ ಕೋಣೆ ಖಾಲಿ ಬೀಳುತ್ತದೆ. ಅಷ್ಟೊತ್ತಿಗೆ ಕಾಯುತ್ತಿದ್ದವರೂ ಬಸ್ಸಿನಲ್ಲಿ ಓಡಾಡಿ ಸುಸ್ತಾಗಿ ಓದು ಬಿಟ್ಟಿರುತ್ತಾರೆ. ಖಾಲಿ ಕೋಣೆಯಿಂದ ಯಾರ ಬದುಕಿಗೆ "ಹೂಂ" ಅಂದ ಹಾಗಾಯಿತು, ನೀನೇ ಹೇಳು. ಅದಕ್ಕೇ ಈ ಸ್ಕೋರ್ ಮಾಡಿದೆವು. ಹಾಜರಿ, ಅಂಕ, ಮನೆಯ ಸ್ಥಿತಿ ಎಲ್ಲ ಸೇರಿಸಿ ಯಾರು ಉಳಿಯಬಹುದು, ಯಾರು ಹೋಗಬಹುದು ಎಂದು ಅದು ಅಂದಾಜು ಹೇಳುತ್ತದೆ. ಕಟ್ಟಿದವಳು ನಾನೇ, ಇನ್ನೊಬ್ಬರ ಮೇಲೆ ಹಾಕುವುದಿಲ್ಲ.

ಮಾನ್ವಿ, ದೇವದುರ್ಗದ ಕಡೆಯ ಹುಡುಗಿಯರು ಸೇರಿದ ಮೂರನೆಯ ತಿಂಗಳಲ್ಲಿ ಉದುರುತ್ತಾರೆ ಎಂಬುದು ನಾನು ಲೆಕ್ಕ ಹಾಕುವ ತನಕ ಯಾರಿಗೂ ಗೊತ್ತಿರಲಿಲ್ಲ. ಸಂಜೆಯ ಬಸ್ಸು ಶುರುವಾದದ್ದು ಆ ಲೆಕ್ಕ ನೋಡಿದ ಮೇಲೆ. ಅದಕ್ಕೂ ಮೊದಲು ಎಷ್ಟೋ ಮಂದಿ ಭಾಷಣ ಮಾಡಿದ್ದರು, ಬಸ್ಸು ಬಂದಿರಲಿಲ್ಲ.

ಇನ್ನು ನಿನ್ನ ಹುಡುಗಿ. ಅವಳನ್ನು ಕರೆಸಿ, ನಿನಗೆ ಬರೆಯಬಹುದೇ ಎಂದು ಒಪ್ಪಿಗೆ ಕೇಳಿಯೇ ಇದನ್ನು ಬರೆಯುತ್ತಿದ್ದೇನೆ. ಹಾಜರಿ ಸ್ವಲ್ಪ ಕಡಿಮೆ ಇದೆ, ಅದು ದೊಡ್ಡ ಮಾತಲ್ಲ. ಸ್ಕೋರ್ ಕೆಳಗಿಳಿಸಿದ್ದು ಬೇರೆ. ಹಾಸ್ಟೆಲಿಗೆ ಅರ್ಜಿ ಹಾಕಿದವರ ಮನೆಗೆ ನಮ್ಮವರು ಸರ್ವೆಗೆ ಹೋಗುತ್ತಾರೆ. ಕನಕಪ್ಪನಿಗೆ ಎಷ್ಟು ಮಕ್ಕಳು ಎಂದು ಕೇಳಿದ್ದಾರೆ. ಇಬ್ಬರು ಎಂದಿದ್ದಾನೆ. ಗುರುಸಿದ್ದ, ಲಲಿತಾ ಎಂದು ಹೆಸರು ಕೊಟ್ಟಿದ್ದಾನೆ. ಭಾಗ್ಯಜ್ಯೋತಿ ಎಂಬ ಮಗಳೇ ಆ ಮನೆಯಲ್ಲಿಲ್ಲ. ಹೆತ್ತವರೇ ಮಗಳೆಂದು ಹೇಳದಿದ್ದರೆ ಕಂಪ್ಯೂಟರ್ ಅದನ್ನು "ಮನೆಯ ಆಸರೆ ಇಲ್ಲ" ಎಂದು ಓದುತ್ತದೆ. ಅಂಥವರು ಹೆಚ್ಚಾಗಿ ನಡುವೆ ಬಿಟ್ಟು ಹೋಗುವುದು ನಿಜ.

ಮನೆಯಲ್ಲಿ ಜಗಳವೇನಾದರೂ ಇದೆಯೇ ಎಂದು ಅವಳನ್ನೇ ಕೇಳಿದೆ. "ಇಲ್ರಿ, ನಮ್ಮಪ್ಪಂದೂ ನಂದೂ ಭಾಳ ಚಲೋ ಅದ" ಎಂದು ನಕ್ಕಳು. ಹಾಗಾದರೆ ನಿನ್ನ ಹೆಸರು ಯಾಕೆ ಬಿಟ್ಟ ಎಂದೆ. ನಗು ನಿಂತಿತು. "ಅದನ್ನ ಕೇಳಬ್ಯಾಡ್ರಿ ಮೇಡಂ" ಎಂದು ನೆಲ ನೋಡಿದಳು.

ನಿನ್ನ ವಿಭಾಗದ ವಿಷಯ. ಮೂರು ವರ್ಷಕ್ಕೆ ಸೇರಿ ಏಳು ಜನ ವಿದ್ಯಾರ್ಥಿಗಳಿದ್ದರು. ಎಪ್ಪತ್ತು ಎಂದು ಬರೆಯಬೇಕಿತ್ತೇ?

ಸಂಘಮಿತ್ರಾ


ದೇವದುರ್ಗ
5 ಡಿಸೆಂಬರ್ 2024

ಸಂಘಮಿತ್ರಾ,

ಆ ಏಳು ಜನರ ಹೆಸರು ಹೇಳು ನೋಡೋಣ. ಗೊತ್ತಿಲ್ಲ ಅಲ್ಲವೇ. ನಾನು ಅಷ್ಟೇ ಕೇಳಿದ್ದು.

ಕನಕಪ್ಪನಿಗೆ ಮಗಳು ಬೇಡವಂತೆ! ಯಾರಿಗಾದರೂ ಹೇಳೀಯ, ನಗುತ್ತಾರೆ. ಅವಳು ಕಾಲೇಜಿಗೆ ಸೇರಿದ ದಿನ ಆತ ಕುರಿಗಳನ್ನು ಹೆಂಡತಿಯ ಕೈಗೆ ಬಿಟ್ಟು ಬಂದು, ನಮ್ಮ ಕಾಲೇಜಿನ ಬೇವಿನ ಮರದ ಕೆಳಗೆ ಸಂಜೆ ತನಕ ಕುಳಿತಿದ್ದ. ಒಳಗೆ ಬಾ ಎಂದರೆ ಬರಲಿಲ್ಲ. "ನಾ ಇಲ್ಲೇ ಇರ್ತೀನ್ರಿ, ಆಕಿ ಹೊರಗ ಬಂದಾಗ ಕಾಣಬೇಕು" ಎಂದ. ಪರೀಕ್ಷೆಯ ಕಾಲದಲ್ಲಿ ಎಲ್ಲೆಲ್ಲಿಂದಲೋ ಯಾರದೋ ಬೈಕಿನ ಹಿಂದೆ ಕುಳಿತು ಬಂದು ಹಾಲಿನ ಕ್ಯಾನು ಕೊಟ್ಟು ಹೋಗುತ್ತಿದ್ದ. ಅದರಲ್ಲಿ ಒಂದು ಪಾಲು ನನಗೂ ಬರುತ್ತಿತ್ತು, ನಾನು ಸಾಕ್ಷಿ.

ನಿಮ್ಮ ಸರ್ವೆಯವರು ಏನೋ ತಪ್ಪು ಬರೆದುಕೊಂಡಿದ್ದಾರೆ. ಇಬ್ಬರು ಎಂದಿರುವುದನ್ನು ಮೂವರು ಎಂದು ತಿದ್ದು. ಒಂದು ಅಂಕಿ ತಿದ್ದಲು ನಿನಗೆ ಎಷ್ಟು ಹೊತ್ತು ಬೇಕು? ನೀನು ಚಾ ಕುಡಿಯುವುದರೊಳಗೆ ಒಂದು ಹುಡುಗಿಯ ಓದು ಉಳಿಯುತ್ತದೆ.

ಬಸ್ಸಿನ ಮಾತು ಒಪ್ಪಿದೆ. ಅದಕ್ಕೆ ನನ್ನ ಸಲಾಂ. ನಾನು ಲೆಕ್ಕದ ವೈರಿ ಎಂದು ನೀನು ತಿಳಿದಿದ್ದರೆ ಅದು ತಪ್ಪು. ಒಂದೇ ಲೆಕ್ಕವನ್ನು ಎರಡು ಕೆಲಸಕ್ಕೆ ಹಚ್ಚಬಹುದು. ಹುಡುಗಿಯರು ಉದುರುತ್ತಿದ್ದಾರೆ ಎಂದು ಗೊತ್ತಾದಾಗ ಬಸ್ಸು ಕಳಿಸಿದೆ, ಅದು ಬದುಕಿನ ಪರವಾದ ಕೆಲಸ. ಈಗ ಅದೇ ಲೆಕ್ಕ ಹಿಡಿದು, ಹೇಗೂ ಉದುರುವವಳು, ಈಗಲೇ ಹೋಗಲಿ ಎನ್ನುತ್ತಿದ್ದೀಯ. ಅವತ್ತಿನ ಸಂಘಮಿತ್ರಾಳೂ ಇವತ್ತಿನ ಸಂಘಮಿತ್ರಾಳೂ ಒಬ್ಬಳೇ ಎಂದು ನನಗೆ ನಂಬಲು ಕಷ್ಟವಾಗುತ್ತದೆ.

ನಮ್ಮಮ್ಮ ಮಹಬೂಬೀ ನಿಮ್ಮವ್ವ ಯಮನಮ್ಮನನ್ನು ಮಾನ್ವಿಯ ಸಂತೆಯಲ್ಲಿ ಕಂಡಿದ್ದಳಂತೆ. ಇಬ್ಬರೂ ಪುಂಡಿ ಸೊಪ್ಪು ಆರಿಸುತ್ತ ನಮ್ಮಿಬ್ಬರನ್ನು ಮನಸಾರೆ ಬೈದು, ಒಂದೇ ಆಟೋದಲ್ಲಿ ಮನೆಗೆ ಹೋದರಂತೆ.

ಮೆಹನಾಜ್


ರಾಯಚೂರು
12 ಡಿಸೆಂಬರ್ 2024

ಮೆಹನಾಜ್,

ತಿದ್ದುವುದಿಲ್ಲ.

ಇವತ್ತು ಕರುಣೆ ಬಂದು ನಾನು ಒಂದು ಅಂಕಿ ತಿದ್ದಿದರೆ, ನಾಳೆ ನನ್ನ ಕುರ್ಚಿಗೆ ಬರುವವರು ಸಿಟ್ಟು ಬಂದು ಇನ್ನೊಂದು ತಿದ್ದುತ್ತಾರೆ. ಒಬ್ಬ ಮನುಷ್ಯ ತನ್ನ ಮನೆಯ ಬಗ್ಗೆ ಬಾಯಿಬಿಟ್ಟು ಹೇಳಿದ ಮಾತು ಅದು. ಅದು ಸುಳ್ಳು ಎಂದು ಅವನನ್ನು ಕೇಳದೆ ನಾನು ಹೇಗೆ ತೀರ್ಮಾನಿಸಲಿ? ನೀನು ನೀತಿ ಪಾಠ ಮಾಡುವವಳು, ನಿನ್ನ ಬಾಯಲ್ಲಿ ಈ ಮಾತು ಬರಬಾರದಿತ್ತು.

ಕೇಳಿಯೇ ಬರುತ್ತೇನೆ. ಅವನು ಈಗ ಎಲ್ಲಿದ್ದಾನೆ?

ಸಂಘಮಿತ್ರಾ


ದೇವದುರ್ಗ
17 ಡಿಸೆಂಬರ್ 2024

ಸಂಘಮಿತ್ರಾ,

ನೀನು ಮಂಗಳಾರತಿ ಮಾಡಿದೆ, ನಾನು ಮಾಡಿಸಿಕೊಂಡೆ.

ಕವಿತಾಳದ ಹತ್ತಿರ ಇದ್ದಾರೆ. ಕಾಲುವೆಯ ಕೆಳಗಿನ ಗದ್ದೆಗಳಲ್ಲಿ ಭತ್ತ ಕೊಯ್ದಾಗಿದೆ, ಅಲ್ಲಿ ಗೊಬ್ಬರಕ್ಕೆಂದು ಕುರಿಗಳನ್ನು ತರುಬಿ ನಿಲ್ಲಿಸಿದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ಯಾರನ್ನು ಕೇಳಿದರೂ ತೋರಿಸುತ್ತಾರೆ. ಕಪ್ಪು ಕಂಬಳಿ ಎಲ್ಲರ ಹೆಗಲ ಮೇಲೂ ಇರುತ್ತದೆ. ನಗುವಾಗ ಬಾಯಿಗೆ ಅಂಗೈ ಅಡ್ಡ ಹಿಡಿಯುವವನು ಕನಕಪ್ಪ. ವಿಶ್ವವಿದ್ಯಾಲಯದ ಕಾರಿನಲ್ಲಿ ಹೋಗಬೇಡ. ಟ್ಯಾಬು ಹೊರಗೆ ತೆಗೆಯಬೇಡ. ಕೊಟ್ಟದ್ದನ್ನು ಉಣ್ಣು.

ಪರೀಕ್ಷೆಯ ಕೆಲಸವಿದೆ, ಇಲ್ಲದಿದ್ದರೆ ನಾನೂ ಬರುತ್ತಿದ್ದೆ. ಇದು ಸುಳ್ಳು. ಪರೀಕ್ಷೆಯ ಕೆಲಸ ಮುಗಿದು ವಾರವಾಯಿತು. ನಿನ್ನ ಜೊತೆ ಬರುವಷ್ಟು ಮನಸ್ಸು ಇನ್ನೂ ತಿಳಿಯಾಗಿಲ್ಲ.

ಮೆಹನಾಜ್


ರಾಯಚೂರು
30 ಡಿಸೆಂಬರ್ 2024

ಮೆಹನಾಜ್,

ನಿನ್ನೆ ಹೋಗಿ ಬಂದೆ.

ಮೊದಲಿಗೇ ಎಡವಟ್ಟು ಮಾಡಿಕೊಂಡೆ. ಏನಾದರೂ ಮಾತಿಗೆ ಶುರು ಮಾಡಬೇಕಲ್ಲ, "ಎಷ್ಟು ಕುರಿ ಅದಾವ್ರಿ?" ಎಂದು ಕೇಳಿದೆ. ಕನಕಪ್ಪ ಕೇಳಿಸದವನ ಹಾಗೆ ದೂರ ನೋಡಿದ. ಅವನ ಹೆಂಡತಿ ಮಾರೆಮ್ಮ ರೊಟ್ಟಿ ತಟ್ಟುತ್ತಿದ್ದವಳು ಕೈ ನಿಲ್ಲಿಸಿ, "ಹಂಗ ಕೇಳಬಾರ್ದ ಯವ್ವಾ. ಜೀವ ಇದ್ದದ್ದನ್ನ ಎಣಿಸಬಾರ್ದು. ಎಣಿಸಿದ್ರ ಒಂದು ಕಡಿಮಿ ಆಗ್ತದ" ಎಂದಳು. ನಾನು ತಪ್ಪಾಯಿತು ಎಂದೆ. "ಗೊತ್ತಿರ್ಲಿಲ್ಲ, ಕೇಳಿದಿ, ಇರ್ಲಿ" ಎಂದು ತಟ್ಟೆಗೆ ರೊಟ್ಟಿ ಹಾಕಿದಳು. ಕೆಂಪು ಮೆಣಸಿನಕಾಯಿ ಹಿಂಡಿಯ ಖಾರಕ್ಕೆ ನನ್ನ ಕಣ್ಣಲ್ಲಿ ನೀರು ಬಂದದ್ದು ನೋಡಿ ಕನಕಪ್ಪ ನಕ್ಕ. ಬಾಯಿಗೆ ಅಂಗೈ ಬಂತು.

ಊಟ ಮುಗಿದ ಮೇಲೆ ಯಾಕೆ ಬಂದೆ ಎಂದು ಹೇಳಿದೆ. ಮಳೆಗಾಲದಲ್ಲಿ ಸರ್ವೆಗೆ ಬಂದವರು ನೆನಪಿದ್ದಾರಾ, ಮಕ್ಕಳು ಇಬ್ಬರು ಎಂದಿದ್ದಿರಂತೆ ಎಂದೆ. ಗಂಡ ಹೆಂಡತಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕನಕಪ್ಪ ನಿಧಾನಕ್ಕೆ ಹೇಳಿದ: "ದೇವ್ರು ಕೊಟ್ಟಾಷ್ಟು ಅದಾವ್ರಿ ಅಂತ ಹೇಳಿದ್ನಿ. ಹಂಗಂದ್ರ ಕೇಳಲಿಲ್ಲ, ನಂಬರ್ ಹೇಳಬೇಕು ಅಂದ್ರು. ನಮ್ಮಾಗ ನಂಬರ್ ಹೇಳಂಗಿಲ್ರಿ. ಹೇಳಾಕಬೇಕು ಅಂತ ಬಂದ್ರ, ಒಬ್ರನ್ನ ಬಿಟ್ಟು ಹೇಳ್ತೀವಿ. ಪೂರಾ ಹೇಳಿದ್ರ ದೃಷ್ಟಿ ಆಗ್ತದ."

ಬಿಟ್ಟದ್ದು ಭಾಗ್ಯಜ್ಯೋತಿಯನ್ನೇ ಯಾಕೆ ಎಂದೆ.

"ಸಣ್ಣಾವು ಎರಡೂ ನನ್ನ ಕಣ್ಣ ಮುಂದ ಅದಾವ್ರಿ. ಆಕಿ ದೂರ ಅದಾಳ, ಓದಾಕತ್ತಾಳ, ಮಂದಿ ಕಣ್ಣೆಲ್ಲಾ ಆಕಿ ಮ್ಯಾಲ. ಆಕಿನ್ನ ಹೆಂಗ ಎಣಿಸ್ಲಿ?"

ಅಷ್ಟರಲ್ಲಿ ಮಾರೆಮ್ಮ, "ಈ ಮೂರಕ್ಕೂ ಮದ್ಲು ಒಂದು ಗಂಡು ಇತ್ತ ಯವ್ವಾ" ಎಂದಳು. ಅಷ್ಟು ಹೇಳಿ ಎದ್ದು ಕುರಿಗಳ ಕಡೆ ಹೋದಳು.

ಮಗಳು ಅಂತ ನೀವು ಒಂದು ಮಾತು ಹೇಳಿದರೆ ಸಾಕು, ಇಲ್ಲದಿದ್ದರೆ ಅವಳ ಕೋಣೆ ಹೋಗುತ್ತದೆ ಎಂದು ತಿಳಿಸಿ ಹೇಳಿದೆ. ಅವನು, "ರೂಮು ಹ್ವಾದ್ರ ಹೋಗ್ಲಿ ರೀ. ಮಗಳು ಉಳೀಲಿ" ಎಂದ. ಅವನ ದನಿಯಲ್ಲಿ ಜಗಳವಿರಲಿಲ್ಲ, ಹೆದರಿಕೆ ಇತ್ತು.

ಹುಡುಗಿ ಯಾಕೆ ಬಾಯಿ ಬಿಡಲಿಲ್ಲ ಎಂಬುದೂ ಈಗ ತಿಳಿಯಿತು. ನಾನೂ ಆ ಮನೆಯ ಮಗಳು ಎಂದು ಅವಳೇ ಬಂದು ಬರೆಸಿದರೆ ಅಪ್ಪ ದಿನಾ ಹೆದರುತ್ತಾನೆ. ಅದಕ್ಕಿಂತ ಕೋಣೆ ಬಿಡುವುದು ಲೇಸು ಎಂದುಕೊಂಡಿದ್ದಾಳೆ. ಇವತ್ತು ಕರೆದು ಕೇಳಿದೆ, ತಲೆ ಆಡಿಸಿದಳು. "ನಾ ಅದನ್ನ ನಂಬಂಗಿಲ್ರಿ ಮೇಡಂ. ಆದ್ರ ಅವ ನಂಬ್ತಾನಲ್ರಿ" ಎಂದಳು.

ಬರುವಾಗ ಬಸ್ಸಿನಲ್ಲಿ ನನಗೆ ಅಳು ತಡೆಯಲಾಗಲಿಲ್ಲ. ಪಕ್ಕದಲ್ಲಿದ್ದ ಮುದುಕಿ ಯಾರು ತೀರಿಕೊಂಡರು ಎಂದು ವಿಚಾರಿಸಿದಳು. ಜಗತ್ತಿನಲ್ಲಿ ಒಬ್ಬ ಅಪ್ಪ ಮಗಳನ್ನು ಎಷ್ಟು ಪ್ರೀತಿಸಬಹುದೋ ಅಷ್ಟು ಪ್ರೀತಿಸುವ ಮನೆಯನ್ನು ನನ್ನ ಕಂಪ್ಯೂಟರ್ "ಮನೆಯ ಆಸರೆ ಇಲ್ಲ" ಎಂದು ಬರೆದುಕೊಂಡು ಕುಳಿತಿದೆ. ಅದಕ್ಕೆ ಹಾಗೆ ಓದಲು ಕಲಿಸಿದವಳು ನಾನು.

ಈಗ ಏನು ಮಾಡಲಿ? ಅಂಕಿ ತಿದ್ದುವುದಿಲ್ಲ ಎಂದೆ, ಈಗಲೂ ಅದನ್ನೇ ಹೇಳುತ್ತೇನೆ. ಆದರೆ ಹುಡುಗಿಯನ್ನು ಹೊರಗೆ ಹಾಕಲು ನನ್ನ ಕೈಲಾಗದು.

ಸಂಘಮಿತ್ರಾ


ದೇವದುರ್ಗ
6 ಜನವರಿ 2025

ಸಂಘೀ,

ನಿನ್ನ ಪತ್ರವನ್ನು ಎರಡು ಸಲ ಓದಿದೆ. ಆಮೇಲೆ ಒಳಗೆ ಹೋಗಿ ಮುಖ ತೊಳೆದುಕೊಂಡು ಬಂದು ಮತ್ತೊಮ್ಮೆ ಓದಿದೆ.

ನೀನು ತಿದ್ದದೆ ಇದ್ದದ್ದು ಒಳ್ಳೆಯದಾಯಿತು. ತಿದ್ದು ಎಂದವಳು ನಾನು. ಆ ಮನುಷ್ಯ ಇಷ್ಟು ವರ್ಷ ಬಾಯಿ ಕಟ್ಟಿ ಕಾಪಾಡಿದ್ದನ್ನು, ಅವನಿಗೆ ಗೊತ್ತೇ ಆಗದಂತೆ ನಿನ್ನ ಕೈಯಿಂದ ಮುರಿಸಲು ಹೊರಟಿದ್ದೆ. ಅದನ್ನು ಉಪಕಾರ ಎಂದು ಬೇರೆ ತಿಳಿದಿದ್ದೆ. ನಿನ್ನ ಹಟಮಾರಿತನ ಮೊದಲ ಸಲ ಉಪಯೋಗಕ್ಕೆ ಬಂತು, ಬರೆದಿಟ್ಟುಕೋ.

ಇವತ್ತು ಕ್ಲಾಸಿನಲ್ಲಿ ಹೆಸರು ಹೇಳದೆ ಈ ಮಾತು ತೆಗೆದೆ. ಬದುಕಿಗೆ "ಹೂಂ" ಎನ್ನುವುದೆಂದರೆ ಬದುಕು ಬಹಳ ಚಂದ ಎಂದು ಹಾಡುವುದಲ್ಲ ಎಂದೆ. ಒಂದು ಮಗುವನ್ನು ಮಣ್ಣಿಗೆ ಕೊಟ್ಟವನು, ಇನ್ನೊಂದನ್ನು ಎದೆಗೆ ಅವಚಿಕೊಂಡು ಎಲ್ಲಿಗೂ ಕಳಿಸುವುದಿಲ್ಲ ಎಂದಿದ್ದರೆ ಯಾರೂ ತಪ್ಪು ಹೇಳುತ್ತಿರಲಿಲ್ಲ. ಈತ ಹೆದರುತ್ತ ಹೆದರುತ್ತಲೇ ಮಗಳನ್ನು ರಾಯಚೂರಿಗೆ ಕಳಿಸಿದ. ಹೆದರಿಕೆ ಬಿಡಲಿಲ್ಲ, ಕಳಿಸುವುದನ್ನೂ ಬಿಡಲಿಲ್ಲ. ಇದಕ್ಕಿಂತ ದೊಡ್ಡ "ಹೂಂ" ನನಗಂತೂ ಗೊತ್ತಿಲ್ಲ. ಹಿಂದಿನ ಬೆಂಚಿನವರು ಕೂಡ ಮೊಬೈಲು ಕೆಳಗಿಟ್ಟು ಕೇಳಿದರು.

ಏನು ಮಾಡಲಿ ಎಂದು ಕೇಳಿದ್ದೀಯ. ನಿನ್ನ ಕಸುಬು ನನಗೆ ತಿಳಿಯದು, ಅದರಲ್ಲಿ ಕೈ ಹಾಕುವುದಿಲ್ಲ. ಒಂದೇ ಕೇಳುತ್ತೇನೆ. ಅವನು ಕೊಟ್ಟ ಉತ್ತರದಲ್ಲಿ ತಪ್ಪಿಲ್ಲ ಎಂದಾದರೆ, ನೀವು ಕೇಳಿದ ಪ್ರಶ್ನೆಯನ್ನು ನೋಡಿದ್ದೀಯಾ?

ಚಳಿ ಇದೆ, ಸ್ವೆಟರ್ ಹಾಕಿಕೋ. ನಿನಗೆ ಹೇಳುವವರು ಯಾರೂ ಇಲ್ಲ ಎಂದು ಹೇಳುತ್ತಿದ್ದೇನೆ.

ಮೆಹನಾಜ್


ರಾಯಚೂರು
3 ಫೆಬ್ರವರಿ 2025

ಮೆಹನಾಜ್,

ಪತ್ರ ತಡವಾಯಿತು. ನಿನ್ನ ಪ್ರಶ್ನೆ ತಲೆಗೆ ಹೊಕ್ಕ ಮೇಲೆ ಬೇರೆ ಏನೂ ಬರೆಯಲಾಗಲಿಲ್ಲ.

"ಮನೆಯ ಆಸರೆ ಇಲ್ಲ" ಎಂದು ಬಂದ ಬೇರೆ ಹುಡುಗಿಯರ ಮನೆಗಳಿಗೂ ವಿಚಾರಿಸುತ್ತ ಹೋದೆ. ಒಬ್ಬಳ ಮನೆಯಲ್ಲಿ ನಿಜಕ್ಕೂ ಯಾರೂ ಇರಲಿಲ್ಲ. ಒಬ್ಬಳು ಸೋದರಮಾವನ ಮನೆಯಲ್ಲಿ ಬೆಳೆದವಳು. ಉಳಿದವರಲ್ಲಿ ಹೆಚ್ಚಿನವರು ಕುರಿಯ ಹಿಂದೆ ತಿರುಗುವ ಮನೆಯವರೇ. ದೂರ ಕಳಿಸಿದ ಮಗಳನ್ನು ಎಲ್ಲರೂ ಎಣಿಸದೆ ಬಿಟ್ಟಿದ್ದರು.

ಕಳೆದ ವಾರ ಹಾಸ್ಟೆಲ್ ಸಮಿತಿ ಕೂಡಿತ್ತು. ಕುಲಸಚಿವರ ಮುಂದೆ ಎದ್ದು ನಿಂತು ಹೇಳಿದೆ, ಈ ಸ್ಕೋರ್ ಕಟ್ಟಿದವಳು ನಾನು, ಇದು ನಮ್ಮ ಸೀಮೆಯ ಮನೆಗಳನ್ನು ತಪ್ಪಾಗಿ ಓದುತ್ತಿದೆ, ಮಕ್ಕಳ ಸಂಖ್ಯೆಯ ಪ್ರಶ್ನೆಯನ್ನು ಇದರಿಂದ ತೆಗೆಯಬೇಕು. ಇಷ್ಟು ಹೇಳಿದ ಮೇಲೆ ಧೈರ್ಯ ಬಂತು. ಇನ್ನು ಮುಂದೆ ಸ್ಕೋರ್ ನೋಡಿ ಯಾರ ಕೋಣೆಯನ್ನೂ ಕಿತ್ತುಕೊಳ್ಳಬಾರದು, ಸ್ಕೋರ್ ಕೆಳಗಿದ್ದರೆ ಆ ಹುಡುಗಿಯ ಹತ್ತಿರ ಒಬ್ಬ ಮನುಷ್ಯ ಹೋಗಿ ಏನು ತೊಂದರೆ ಎಂದು ಕೇಳಬೇಕು, ಅದಕ್ಕಷ್ಟೇ ಇದನ್ನು ಬಳಸಬೇಕು ಎಂದೆ.

ಕುಲಸಚಿವರು ಕನ್ನಡಕ ತೆಗೆದಿಟ್ಟರು. "ಏನ್ರಿ ಮೇಡಂ, ನೀವ ಕಟ್ಟಿದ್ದನ್ನ ನೀವ ಕೆಡವಾಕತ್ತೀರಲ್ಲ?"

"ಕೆಡವಾಕತ್ತಿಲ್ರಿ ಸರ. ಬಾಗಿಲಾ ಬ್ಯಾರೆ ಕಡಿ ಇಡಾಕತ್ತೀನಿ."

"ಮನಿ ಮನಿಗಿ ಹೋಗಿ ಕೇಳೋರು ಯಾರ್ರಿ? ಅಷ್ಟು ಮಂದಿ ಎಲ್ಲದಾರ ನಮ್ಮಲ್ಲಿ?"

"ನಾ ಹೋಗ್ತೀನ್ರಿ" ಎಂದೆ. ಹೇಳಿ ಕುಳಿತ ಮೇಲೆ ಏನು ಹೇಳಿದೆ ಎಂದು ಗೊತ್ತಾಯಿತು.

ಬಹಳ ಮಾತಾಯಿತು. ಕೊನೆಗೆ ಒಪ್ಪಿದರು. ನೋಟಿಸುಗಳನ್ನು ಹಿಂದಕ್ಕೆ ಪಡೆದರು. ಭಾಗ್ಯಜ್ಯೋತಿಯ ಕೋಣೆ ಉಳಿಯಿತು, ಅವಳ ಅಪ್ಪ ಏನನ್ನೂ ಹೇಳಬೇಕಾಗಿಲ್ಲ. ಅವಳಿಗೆ ಹೇಳಿದಾಗ ನನ್ನ ಎರಡೂ ಕೈ ಹಿಡಿದುಕೊಂಡಳು. ಈ ಸುದ್ದಿ ನಿನಗೆ ಅವಳೇ ಮೊದಲು ಹೇಳಿರುತ್ತಾಳೆ, ಆದರೂ ನನ್ನ ಕೈಯಿಂದ ಬರೆಯಬೇಕೆನಿಸಿತು.

ನಿನ್ನ ಏಳು ಜನರ ಹೆಸರುಗಳನ್ನು ಹುಡುಕಿ ಓದಿದೆ. ಇಬ್ಬರು ಈಗ ಹೈಸ್ಕೂಲಿನಲ್ಲಿ ಪಾಠ ಮಾಡುತ್ತಿದ್ದಾರೆ, ಒಬ್ಬಳು ಶಕ್ತಿನಗರದಲ್ಲಿದ್ದಾಳೆ. ನಿನ್ನ ಬಗ್ಗೆ ಫೋನಿನಲ್ಲಿ ಅರ್ಧ ಗಂಟೆ ಮಾತಾಡಿದಳು. ವರದಿಯಲ್ಲಿ ಬರೆದ ಅಂಕಿ ಸರಿಯಾಗಿಯೇ ಇತ್ತು, ಮೆಹನಾಜ್. ನೀನು ಹೋದ ಮೇಲೆ ಇಲ್ಲಿ ಊಟದ ಹೊತ್ತಿಗೆ ನನಗೆ ಯಾರೂ ಇಲ್ಲ, ಅದನ್ನು ಯಾವ ವರದಿಯಲ್ಲಿ ಬರೆಯಲಿ?

ಸಂಘೀ


ರಾಯಚೂರು
19 ಫೆಬ್ರವರಿ 2025

ಮೆಹನೂ,

ನಿನ್ನ ಉತ್ತರ ಬಂದಿಲ್ಲ. ಕಾಯುವಷ್ಟು ತಾಳ್ಮೆ ಇಲ್ಲದೆ ಮತ್ತೆ ಬರೆಯುತ್ತಿದ್ದೇನೆ.

ಇವತ್ತು ಬೆಳಿಗ್ಗೆ ಕನಕಪ್ಪ ನನ್ನ ಆಫೀಸಿಗೆ ಬಂದಿದ್ದ. ಜೊತೆಗೆ ಭಾಗ್ಯಜ್ಯೋತಿ. ಚಪ್ಪಲಿ ಬಾಗಿಲ ಹೊರಗೆ ಬಿಟ್ಟು ಬಂದ. ಕುರ್ಚಿ ತೋರಿಸಿದರೆ ಕೂರಲಿಲ್ಲ. ಕಂಬಳಿ ತೆಗೆದು ತೋಳಿನ ಮೇಲೆ ಹಾಕಿಕೊಂಡು ನಿಂತ. ಚಾ ತರಿಸಿದೆ, ಕುಡಿದ. ಕುರಿಗಳ ಸುದ್ದಿ ಕೇಳಿದೆ, ಎಷ್ಟು ಎಂದು ಕೇಳಲಿಲ್ಲ. ಆಮೇಲೆ ಅವನು ಮಗಳ ಕಡೆ ಒಮ್ಮೆ ನೋಡಿ ನನ್ನ ಕಂಪ್ಯೂಟರಿನತ್ತ ಕೈ ಮಾಡಿ ಹೇಳಿದ:

"ಬರಕೊಳ್ರಿ ಯವ್ವಾ. ನನಗ ಮೂರು ಮಂದಿ ಮಕ್ಕಳು. ದೊಡ್ಡಾಕಿ ಭಾಗ್ಯಜ್ಯೋತಿ."

ಭಾಗ್ಯಜ್ಯೋತಿ "ಯಪ್ಪಾ, ಬ್ಯಾಡ" ಎಂದು ಅವನ ತೋಳು ಹಿಡಿದಳು. ನಾನೂ ಹೇಳಿದೆ, ಈಗ ಅದರ ಅಗತ್ಯವಿಲ್ಲ, ಆ ಪ್ರಶ್ನೆಯನ್ನೇ ತೆಗೆದಿದ್ದೇವೆ, ನೀವು ಹೇಳದಿದ್ದರೂ ಕೋಣೆ ಇದೆ.

"ಗೊತ್ತದ್ರಿ, ಈಕಿ ಹೇಳ್ಯಾಳ. ರೂಮಿಗೆ ಅಂತ ಹೇಳಾಕ ಬಂದಿಲ್ಲ ನಾ. ನೀವು ಅಷ್ಟು ದೂರ ಬಿಸಲಾಗ ಬಂದ್ರಿ, ನಮ್ ರೊಟ್ಟಿ ತಿಂದ್ರಿ. ನಾ ಆಗಂಗಿಲ್ಲ ಅಂದೆ. ನಿಮ್ಮಷ್ಟಕ ನೀವ ಬರಕೊಂಡಿದ್ರ ನನಗೇನ್ ಗೊತ್ತಾಗ್ತಿತ್ರಿ? ಬರಕೊಳ್ಳಲಿಲ್ಲ ನೀವು. ಅವತ್ತಿಂದ ನಾ ವಿಚಾರ ಮಾಡಾಕತ್ತೀನಿ. ಆಕಿ ಹೆಸರು ಹೇಳಾಕ ಒಂದು ಜಾಗ ಸಿಕ್ತು ಅನಸ್ತು."

ಒಮ್ಮೆ ಕೆಮ್ಮಿ, ಮಗಳ ತಲೆಯ ಮೇಲೆ ಕೈ ಇಟ್ಟು ನನ್ನನ್ನೇ ನೋಡುತ್ತ ಹೇಳಿದ:

"ಬರಕೊಳ್ರಿ. ಆದ್ರ ಒಂದು ಮಾತು. ಎಣಿಸಿದವ್ರು ಕಾಯಬೇಕ್ರಿ. ಇಷ್ಟ ದಿನಾ ಎಣಿಸಲಾರ್ದ ನಾ ಕಾದೀನಿ. ಇನ್ನ ಮ್ಯಾಲ ಇಲ್ಲಿ ಈಕಿನ್ನ ನೀವು ಕಾಯಬೇಕು."

ಹೂಂ ಎಂದೆ. ಆ ಅಂಕಿ ಈಗ ಯಾವ ಸ್ಕೋರಿಗೂ ಬೇಕಾಗಿಲ್ಲ. ಆದರೂ ಅವನ ಮುಂದೆಯೇ ಎರಡು ಇದ್ದದ್ದನ್ನು ಅಳಿಸಿ ಮೂರು ಎಂದು ಬರೆದೆ. ಅವನು ತೆರೆಯ ಮೇಲೆ ಬಗ್ಗಿ ನೋಡಿದ. ಓದಲು ಬರುವುದಿಲ್ಲ. ಆದರೂ ಬಹಳ ಹೊತ್ತು ನೋಡಿದ. ಮಗಳು ಅಳುತ್ತಿದ್ದಳು. ಹೋಗುವಾಗ ಅವಳ ಮುಂಗೈಗೆ ಒಂದು ಕಪ್ಪು ದಾರ ಕಟ್ಟಿದ, ಆಮೇಲೆ ಏನೋ ನೆನಪಾದವನ ಹಾಗೆ ತಿರುಗಿ ಬಂದು ನನಗೂ ಒಂದು ಕಟ್ಟಿದ.

ಅವರು ಹೋದ ಮೇಲೆ ಕಂಪ್ಯೂಟರ್ ಮುಂದೆ ಕುಳಿತಿದ್ದೇನೆ. ಕೆಲಸ ಮುಟ್ಟಲು ಆಗುತ್ತಿಲ್ಲ. ಇದರೊಳಗೆ ಸಾವಿರಾರು ಹುಡುಗ ಹುಡುಗಿಯರಿದ್ದಾರೆ, ಮೆಹನೂ. ಒಬ್ಬೊಬ್ಬರನ್ನೂ ಎಣಿಸಿದವಳು ನಾನೇ. ಇಷ್ಟು ವರ್ಷ ಎಣಿಸುವುದಷ್ಟೇ ನನ್ನ ಕೆಲಸ ಎಂದು ತಿಳಿದು ಸಂಜೆ ಆಯಿತೆಂದರೆ ಕಂಪ್ಯೂಟರ್ ಮುಚ್ಚಿ ಆರಾಮಾಗಿ ಮನೆಗೆ ಹೋಗುತ್ತಿದ್ದೆ.

ಮನೆ ಮನೆಗೆ ನಾನೇ ಹೋಗುತ್ತೇನೆ ಎಂದು ಸಮಿತಿಯ ಮುಂದೆ ಹೇಳಿಬಿಟ್ಟಿದ್ದೇನೆ. ಒಬ್ಬಳಿಂದ ಆಗುವುದಿಲ್ಲ. ನನಗೆ ಎಣಿಸಲು ಬರುತ್ತದೆ, ಕಾಯಲು ಬರುವುದಿಲ್ಲ. ಅದು ನಿನಗೆ ಬರುತ್ತದೆ.

ಹೆದರಿಕೆಯಾಗಿದೆ ನನಗೆ. ಬಾ ಬೇ.

ನಿನ್ನ
ಸಂಘೀ